ದಾಖಲಾತಿ ಪುಸ್ತಕದ ಒಂದು ಸಾಲು

ನಮ್ಮ ಗಾವಡಗೆರೆಯಲ್ಲಿ ನಾನು ಬಾಲಕನಾಗಿದ್ದ ಕಾಲದಲ್ಲಿ ‘ರಹದಾರಿ’ ಎಂಬ ಮಾತು ಹಿರಿಯರ ಬಾಯಲ್ಲಿ ಇನ್ನೂ ಬಳಕೆಯಲ್ಲಿದ್ದಿತು. ಕಾಡಿನ ಕಡೆಯಿಂದ ಬಿದಿರನ್ನೋ ಸೌದೆಯನ್ನೋ ಹೇರಿಕೊಂಡು ಬರುವ ಗಾಡಿಯವನು ಅರಣ್ಯದ ಗೇಟಿನಲ್ಲಿ ತೋರಿಸಬೇಕಾಗಿದ್ದ ಚೀಟಿಗೆ ಆ ಹೆಸರು. ಅದಿಲ್ಲದ ಗಾಡಿ ಎತ್ತುಗಳ ಸಮೇತ ಅಲ್ಲಿಯೇ ನಿಲ್ಲಬೇಕು. ಮನುಷ್ಯನಿಗೂ ಅಂತಹುದೊಂದು ರಹದಾರಿ ಉಂಟು, ಅದು ಕೈಯಲ್ಲಿಲ್ಲದೆ ಅವನು ತನ್ನ ದೇಶದ ಎಲ್ಲೆಯನ್ನು ದಾಟಲಾರ ಎಂಬುದನ್ನು ನಾನು ಅರಿತಿದ್ದೆನಾದರೂ, ಅದು ನನ್ನ ಬಾಳಿಗೆ ಸಂಬಂಧಪಟ್ಟ ವಿಷಯವೆಂದು ಅರವತ್ತಾರನೆಯ ವಯಸ್ಸಿನವರೆಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಮೂವತ್ತೇಳು ವರ್ಷ ಹುಣಸೂರು ತಾಲ್ಲೂಕಿನ ಪ್ರಾಥಮಿಕ ಶಾಲೆಗಳಲ್ಲಿ ಉಪಾಧ್ಯಾಯನಾಗಿದ್ದು ನಿವೃತ್ತನಾದ ನನಗೆ ಊರಿನಿಂದ ಹುಣಸೂರು, ಹುಣಸೂರಿನಿಂದ ಮೈಸೂರು, ಅಪರೂಪಕ್ಕೊಮ್ಮೆ ಬೆಂಗಳೂರು, ಇಷ್ಟೇ ಸಂಚಾರದ ಪರಿಧಿಯಾಗಿದ್ದಿತು. 2018ರಲ್ಲಿ, ಲಂಡನ್ನಿನಲ್ಲಿ ನೆಲಸಿದ್ದ ಮಗಳು ತನ್ನ ಮಗುವಿನ ನಾಮಕರಣಕ್ಕೆ ನನ್ನನ್ನೂ ನನ್ನ ಮನೆಯಾಕೆಯನ್ನೂ ಬರಲೇಬೇಕೆಂದು ಕರೆದಾಗ, ಆ ಪರಿಧಿ ಒಮ್ಮೆಲೇ ಹರಿಯಿತು.

ಹುಣಸೂರಿನ ಬಸ್ ನಿಲ್ದಾಣದ ಬಳಿಯ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಕುಳಿತು, ಅಲ್ಲಿಯ ಹುಡುಗ ಓದಿ ಹೇಳಿದ ಪ್ರಶ್ನೆಗಳಿಗೆ ಉತ್ತರ ಕೊಡತೊಡಗಿದ ನಾನು ಮೊದಲನೆಯ ಪ್ರಶ್ನೆಗೇ ತಡವರಿಸಿದೆ. “ಸರ್‌ನೇಮ್ ಏನು ಸಾರ್?” ಎಂದು ಅವನು ಕೇಳಿದ. ನಮ್ಮ ಸೀಮೆಯಲ್ಲಿ ಮನೆತನಕ್ಕೊಂದು ಅಡ್ಡಹೆಸರು ಇರುವುದು ವಿರಳ. ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ, ಆಮೇಲೆ ತನ್ನ ಹೆಸರು, ಇಷ್ಟರಲ್ಲಿ ಮನುಷ್ಯನ ಪರಿಚಯ ಮುಗಿಯುತ್ತದೆ. ಆದರೆ ಪಾಸ್‌ಪೋರ್ಟಿನ ಅರ್ಜಿ ಬಿಡಿ ಅಕ್ಷರಗಳನ್ನು ಒಪ್ಪುವುದಿಲ್ಲ; ಅವನ್ನು ಪೂರ್ಣವಾಗಿ ಬಿಡಿಸಿ ಬರೆಯಬೇಕು. ಹೀಗೆ, ಅರವತ್ತು ವರ್ಷ ನನ್ನ ಹೆಸರಿನ ಮೊದಲಿಗೆ ‘ಜಿ’ ಎಂಬ ಒಂದಕ್ಷರವಾಗಿ ಅಡಗಿದ್ದ ನನ್ನ ಊರು, ಗುರುಲಿಂಗ ಜಂಗಮ ದೇವರ ಮಠದ ಗಂಟೆಯ ನಾದವನ್ನೂ, ರಾಗಿಯ ಹೊಲಗಳನ್ನೂ, ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳಿಂದ ಶ್ರಾವಣದ ರಾತ್ರಿಗಳಲ್ಲಿ ಹೊಮ್ಮುವ ಆ ಸಿಹಿಗಾರಲು ವಾಸನೆಯನ್ನೂ ಒಳಗೊಂಡ ಆ ಇಡೀ ಗಾವಡಗೆರೆ, ಮನೆತನದ ಹೆಸರಿನ ಜಾಗದಲ್ಲಿ ಬಂದು ಕುಳಿತಿತು.

ಮುಂದಿನ ಪ್ರಶ್ನೆ ತಾಯಿಯ ಹೆಸರು. ನನ್ನ ಎಸ್.ಎಸ್.ಎಲ್.ಸಿ. ಪ್ರಮಾಣಪತ್ರದಲ್ಲಿರುವುದು ತಂದೆಯ ಹೆಸರು, ಪಹಣಿಯಲ್ಲಿದ್ದುದೂ ಅವರದೇ. ಅಕ್ಷರವರಿಯದ ನನ್ನ ತಾಯಿ ಮತದಾರರ ಪಟ್ಟಿಯಲ್ಲಿ ಒಬ್ಬರ ಹೆಂಡತಿಯಾಗಿಯೂ, ಮನೆಯಲ್ಲಿ ಎಲ್ಲರ ‘ಅವ್ವ’ನಾಗಿಯೂ ಬಾಳಿ ಹೋದವಳು. ಮನೆಯಲ್ಲಿ ಹುಡುಕಿ ತೆಗೆದ ಮೂರು ಕಾಗದಗಳಲ್ಲಿ ಅವಳ ಹೆಸರು ಮೂರು ಬಗೆಯಾಗಿದ್ದಿತು: ಒಂದರ ಕೊನೆಯಲ್ಲಿ ‘ಅಮ್ಮ’ ಎಂದು, ಇನ್ನೊಂದರಲ್ಲಿ ‘ಅಮ್ಮಣ್ಣಿ’ ಎಂದು, ಮೂರನೆಯದರಲ್ಲಿ ಯಾವುದೂ ಇಲ್ಲದೆ ಬರಿಯ ಮೂಲನಾಮ. ಯಾವುದನ್ನು ಬರೆಯಿಸಲಿ ಎಂದು ಎರಡು ದಿನ ಯೋಚಿಸಿದೆ. ಕೊನೆಗೆ ಅಟ್ಟದ ಮೇಲಿದ್ದ ಹಿತ್ತಾಳೆಯ ಕೊಳಗವೊಂದನ್ನು ಇಳಿಸಿ, ಹುಣಸೆಹಣ್ಣಿನಿಂದ ಉಜ್ಜಿ ನೋಡಿದೆ. ಅವಳ ಮದುವೆಯಲ್ಲಿ ತವರಿನವರು ಕೊಟ್ಟ ಪಾತ್ರೆ ಅದು. ಅದರ ಕಂಠದ ಮೇಲೆ, ಕಂಚುಗಾರನು ಉಳಿಯ ಮೊನೆಯಿಂದ ಚುಕ್ಕೆ ಚುಕ್ಕೆಯಾಗಿ ಕುಟ್ಟಿ ಮೂಡಿಸಿದ್ದ ಅಕ್ಷರಗಳು, ಒಂದೆರಡು ಚುಕ್ಕೆ ಸವೆದುಹೋಗಿದ್ದರೂ, ಸ್ಪಷ್ಟವಾಗಿದ್ದುವು. ತವರಿನವರು ಅವಳನ್ನು ಯಾವ ಹೆಸರಿನಿಂದ ಕರೆದು ಕಳುಹಿಸಿಕೊಟ್ಟರೋ ಆ ಹೆಸರನ್ನೇ ನಾನು ಅರ್ಜಿಯಲ್ಲಿ ಬರೆಯಿಸಿದೆ. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಇಂದಿಗೂ ಅದೇ ಅಚ್ಚಾಗಿದೆ. ತಾನು ಕಾಣದ ಕಡಲನ್ನು ಅವಳ ಹೆಸರು ದಾಟಿತು.

ಮೂರನೆಯದು ಜನ್ಮದಿನಾಂಕ. ಇಲ್ಲಿ ನನಗೆ ತಡವರಿಕೆಯಿರಲಿಲ್ಲ, ನಾಚಿಕೆಯಿದ್ದಿತು. ದಾಖಲೆಯ ಪ್ರಕಾರ ನಾನು ಹುಟ್ಟಿದುದು 1952ರ ಜೂನ್ 1. ನನ್ನ ತಾಯಿ ಹೇಳುತ್ತಿದ್ದುದಾದರೋ, ದೀಪಾವಳಿಯ ಹಿಂದುಮುಂದಿನಲ್ಲಿ, ರಾಗಿ ತೆನೆ ಬಲಿಯುವ ಹೊತ್ತಿನಲ್ಲಿ. ಆ ಜೂನ್ ಒಂದನ್ನು ನನಗೆ ದಯಪಾಲಿಸಿದವರು ನನ್ನನ್ನು ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು. ಅವರನ್ನು ದೂರುವ ಅಧಿಕಾರ ನನಗಿಲ್ಲ. ಏಕೆಂದರೆ ಕಾಲಾಂತರದಲ್ಲಿ ಅದೇ ಕುರ್ಚಿಯಲ್ಲಿ ಕುಳಿತ ನಾನೂ, ಶಾಲೆಯ ಆರಂಭದ ದಿನಗಳ ನೂಕುನುಗ್ಗಲಿನಲ್ಲಿ, ಮಗುವಿನ ಕೈ ತಲೆಯ ಮೇಲಿನಿಂದ ಹಾದು ಆಚೆಯ ಕಿವಿಯನ್ನು ಮುಟ್ಟುವುದೇ ಎಂದು ನೋಡಿ, ವರ್ಷವನ್ನು ಅಂದಾಜಿನಿಂದ ನಿರ್ಣಯಿಸಿ, ತಿಂಗಳು ತಾರೀಖುಗಳ ಜಾಗದಲ್ಲಿ ಜೂನ್ 1 ಎಂದು ಬರೆದುಬಿಡುತ್ತಿದ್ದೆ. ಕೆಂಪು ಬಟ್ಟೆಯ ಬೆನ್ನಿನ ಆ ದಾಖಲಾತಿ ಪುಸ್ತಕದಲ್ಲಿ ಸಾಲಿಗೆ ಸಾಲು ಜೂನ್ ಒಂದರ ಮಕ್ಕಳು. ಹೆತ್ತವರನ್ನು ಇನ್ನೆರಡು ಮಾತು ಕೇಳಿದ್ದರೆ ಯಾವ ಹಬ್ಬ, ಯಾವ ಬೆಳೆ, ಯಾವ ಮಳೆ ಎಂದು ಅವರು ಹೇಳುತ್ತಿದ್ದರು. ಆ ಎರಡು ಮಾತಿಗೆ ನನಗೆ ಪುರುಸೊತ್ತಿರಲಿಲ್ಲ. ಮಗುವಿನ ಬಾಳಿನುದ್ದಕ್ಕೂ ಅದನ್ನು ಹಿಂಬಾಲಿಸುವ ಸಾಲನ್ನು ನಾನು ಬರೆಯುತ್ತಿದ್ದೇನೆಂಬ ಎಚ್ಚರವೂ ಆಗ ಇರಲಿಲ್ಲ.

ಪಾಸ್‌ಪೋರ್ಟಿಗಾಗಿ ಹಿಂದೆ ನಮ್ಮವರು ಬೆಂಗಳೂರಿಗೆ ಅಲೆಯಬೇಕಾಗಿತ್ತು. 2017ರ ಜನವರಿ 25ರಂದು ಅಂಚೆ ಕಛೇರಿಯೊಳಗೇ ಪಾಸ್‌ಪೋರ್ಟ್ ಸೇವಾ ಕೇಂದ್ರವನ್ನು ತೆರೆಯುವ ಏರ್ಪಾಡು ದೇಶದಲ್ಲಿಯೇ ಮೊತ್ತಮೊದಲಿಗೆ ಮೈಸೂರಿನಲ್ಲಿಯೂ ಗುಜರಾತಿನ ದಾಹೋದಿನಲ್ಲಿಯೂ ಆರಂಭವಾದುದರಿಂದ, ನಮ್ಮ ಪಾಲಿಗೆ ಅದು ಕಾಗದ ಹಾಕಿಬರುವಷ್ಟು ಸಮೀಪದ ಸಂಗತಿಯಾಯಿತು. ಇನ್ನೂ ಹಿಂದಿನ ಕಾಲದಲ್ಲಿ ದೂರವೊಂದೇ ತೊಡಕಾಗಿರಲಿಲ್ಲ. 1967ಕ್ಕೆ ಮುಂಚೆ ಈ ಪುಸ್ತಕವನ್ನು ಕೊಡುವುದೂ ಬಿಡುವುದೂ ಸರ್ಕಾರದ ಚಿತ್ತಕ್ಕೆ ಸೇರಿದ್ದಾಗಿತ್ತು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ, ಸತ್ವಂತ್ ಸಿಂಗ್ ಸಾಹ್ನಿ ಎಂಬುವರ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಕೆ. ಸುಬ್ಬರಾವ್ ಅವರ ಪೀಠವು, ಐವರಲ್ಲಿ ಮೂವರ ಬಹುಮತದಿಂದ, ವಿದೇಶಕ್ಕೆ ಹೋಗಿಬರುವುದು ಸಂವಿಧಾನದ 21ನೆಯ ಅನುಚ್ಛೇದ ರಕ್ಷಿಸುವ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ತೀರ್ಪಿತ್ತಿತು. ಜೂನ್ ತಿಂಗಳಲ್ಲಿ ಪಾಸ್‌ಪೋರ್ಟ್ ಕಾಯ್ದೆ ಬಂದಿತು. ನಾನು ಆಗ ಹುಣಸೂರಿನ ಪ್ರೌಢಶಾಲೆಯ ವಿದ್ಯಾರ್ಥಿ. ಅನುಗ್ರಹವಾಗಿದ್ದುದು ಹಕ್ಕಾಗಿ ಪರಿವರ್ತನೆಗೊಂಡ ಆ ವರ್ಷದ ಮಹತ್ತ್ವ ನನಗೆ ಹೊಳೆದುದು ಐವತ್ತು ವರ್ಷಗಳ ತರುವಾಯ, ಮೈಸೂರಿನ ಆ ಕೋಣೆಯಲ್ಲಿ ಸರದಿಗಾಗಿ ಕುಳಿತಿದ್ದಾಗ.

ಬೆರಳಚ್ಚಿನ ಯಂತ್ರದ ಮುಂದೆ ನನ್ನ ಸರದಿ ಬಂದಿತು. ಬಾಲ್ಯದಲ್ಲಿ ಗುದ್ದಲಿಯನ್ನೂ ಮುಂದೆ ಸೀಮೆಸುಣ್ಣವನ್ನೂ ಹಿಡಿದ ಬೆರಳುಗಳ ಗೆರೆಗಳು ಸವೆದಿದ್ದುವೋ ಏನೋ, ಮೂರು ಬಾರಿ ಒತ್ತಿದರೂ ಯಂತ್ರ ಗುರುತಿಸಲಿಲ್ಲ. ಸ್ವಲ್ಪ ಹೊತ್ತು ಕುಳಿತು ಮತ್ತೆ ಬರಬೇಕೆಂದು ಸೌಜನ್ಯದಿಂದಲೇ ಹೇಳಿದರು. ಬೆಂಚಿಗೆ ಮರಳಿದಾಗ, ಪಕ್ಕದಲ್ಲಿ ಕುಳಿತಿದ್ದ ಸುಮಾರು ನಲವತ್ತರ ಹೆಂಗಸು, ಬಣ್ಣದ ಮಣಿಸರ ಧರಿಸಿ ಕೈಯಲ್ಲಿ ಹಳೆಯ ಪಾಸ್‌ಪೋರ್ಟೊಂದನ್ನು ಹಿಡಿದಿದ್ದವಳು, “ಬೆರಳನ್ನ ಹಣೆಗೊಂದು ಸಲ ತೀಡ್ಕೊಂಡು ಒತ್ತಿ ಮೇಷ್ಟ್ರೇ, ಜಿಡ್ಡು ತಗಲಿದ್ರೆ ಗೆರೆ ಏಳ್ತದೆ” ಎಂದಳು. ಹಾಗೆಯೇ ಮಾಡಿದೆ, ಹತ್ತು ಬೆರಳೂ ಮೂಡಿದುವು. ಹಿಂದಿರುಗಿ, “ನಾನು ಮೇಷ್ಟ್ರೆಂದು ನಿನಗೆ ಹೇಗೆ ಗೊತ್ತಮ್ಮ?” ಎಂದು ಕೇಳಿದರೆ, “ಒಂದನೇ ಕ್ಲಾಸಿಗೆ ಸೇರಿಸ್ಕೊಂಡೋರೇ ನೀವಲ್ವಾ?” ಎಂದು ನಕ್ಕಳು.

ಅವಳು ಪಕ್ಷಿರಾಜಪುರದ ಹಕ್ಕಿಪಿಕ್ಕಿ ಮನೆತನದವಳು. ಹುಣಸೂರು ತಾಲ್ಲೂಕಿನವರಾದ ನಮಗೆ ಈ ಜನ ಅಪರಿಚಿತರಲ್ಲ. ಬಲೆ ಹೆಗಲಿಗೇರಿಸಿ ಕಾಡುಮೇಡು ಅಲೆಯುತ್ತ, ತಮ್ಮೊಳಗೆ ಗುಜರಾತಿಗೆ ಹತ್ತಿರವಾದ ವಾಗ್ರಿ ನುಡಿಯನ್ನಾಡುತ್ತ, ಹಕ್ಕಿ ಹಿಡಿದು ಬದುಕುತ್ತಿದ್ದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಬಳಿಕ ಆ ಕಸುಬು ನಿಂತು, ಊರುಗಳಲ್ಲಿ ನೆಲೆಗೊಂಡು, ಮಣಿಸರ, ಬಟ್ಟೆಯ ಹೂವು, ಗಿಡಮೂಲಿಕೆಯ ಕೇಶತೈಲಗಳನ್ನು ಮಾರತೊಡಗಿದರು. ಆ ಎಣ್ಣೆಯ ಸೀಸೆಗಳನ್ನು ಹೊತ್ತು ಅವರು ಸಿಂಗಪುರಕ್ಕೂ ಆಫ್ರಿಕ ಖಂಡದ ದೇಶಗಳಿಗೂ ಹೋಗಿಬರುವುದನ್ನು ಕೇಳಿದ್ದೆನೇ ಹೊರತು, ಅದರ ಅರ್ಥವೇನೆಂದು ಯೋಚಿಸಿರಲಿಲ್ಲ. ಊರಿಗೆ ಅಕ್ಷರ ಕಲಿಸಿದ ನಾನು ಮೊದಲನೆಯ ಅರ್ಜಿ ಹಿಡಿದು ಬಂದಿದ್ದರೆ, ಅವಳು ಹಳೆಯ ಪುಸ್ತಕದ ಪುಟಗಳೆಲ್ಲ ಮುದ್ರೆಗಳಿಂದ ತುಂಬಿದುವೆಂದು ಹೊಸದನ್ನು ಕೇಳಲು ಬಂದಿದ್ದಳು.

ಅವಳು ಆ ಹಳೆಯ ಪುಸ್ತಕವನ್ನು ಬಿಚ್ಚಿ ನನ್ನ ಮುಂದೆ ಹಿಡಿದು, ಜನ್ಮದಿನಾಂಕದ ಮೇಲೆ ಬೆರಳಿಟ್ಟಳು. 1978ರ ಜನವರಿ 14. “ನಮ್ಮ ಕಡೆಯೋರೆಲ್ಲ ಜೂನ್ ಒಂದು ಮೇಷ್ಟ್ರೇ, ನಾನೊಬ್ಳೇ ಸಂಕ್ರಾಂತಿ. ನೀವು ಬರ್ದಿದ್ದು. ಈ ತಾರೀಖಿನಲ್ಲೇ ಐದು ದೇಶ ನೋಡ್ದೆ” ಎಂದಳು. ಆಗ ನೆನಪಿಗೆ ಬಂದಿತು. 1984ರಲ್ಲಿ ಇರಬೇಕು. ಮಗಳ ಕೈಹಿಡಿದು ಬಂದ ಅವಳ ತಂದೆ, ನಾನು ಕೇಳದೆಯೇ, ಇವಳು ಹುಟ್ಟಿದ್ದು ಚುಂಚನಕಟ್ಟೆಯ ದನಗಳ ಜಾತ್ರೆಗೆ ಮಣಿ ಮಾರಲು ಹೋಗಿದ್ದಾಗ, ಗಾಡಿಯ ಕೆಳಗೆ, ಸಂಕ್ರಾಂತಿಯ ಇರುಳು ಎಂದು ಅಭಿಮಾನದಿಂದ ವರ್ಣಿಸಿದ್ದ. ಅವನ ಮುಖದ ಮೇಲಿದ್ದ ಆ ಬೆಳಕನ್ನು ಕಂಡಮೇಲೆ ಜೂನ್ 1 ಎಂದು ಬರೆಯಲು ಕೈ ಬಾರದೆ ಪಂಚಾಂಗ ನೋಡಿ ಬರೆದಿದ್ದೆ. ಆ ಒಂದು ದಿನದ ಎಚ್ಚರಕ್ಕೆ ಅವಳು ಮೂವತ್ತನಾಲ್ಕು ವರ್ಷಗಳ ನಂತರ ಕೃತಜ್ಞತೆ ಸಲ್ಲಿಸುತ್ತಿದ್ದಳು. ನಾನಾದರೋ ಎಚ್ಚರ ತಪ್ಪಿದ ಉಳಿದ ದಿನಗಳನ್ನು ನೆನೆದು ತಲೆ ತಗ್ಗಿಸಿದೆ.

ನಮ್ಮ ಮಾತನ್ನು ಕೇಳುತ್ತಿದ್ದ ಟಿಬೆಟನ್ ಯುವಕನೊಬ್ಬ, ಗುರುಪುರದ ನಿರಾಶ್ರಿತರ ನೆಲೆಯವನು, ನಮ್ಮಂತೆಯೇ ತಿಳಿಯಾದ ಹುಣಸೂರು ಕನ್ನಡದಲ್ಲಿ, ತನಗೂ ತಾರೀಖೇ ದೊಡ್ಡದೆಂದು ಹೇಳಿದ. ಬೈಲಕುಪ್ಪೆಯ ಕಾಡು ಕಡಿದು ಜೋಳ ಬೆಳೆದ ಅಜ್ಜನ ಮೊಮ್ಮಗ ಅವನು. ಅವನ ಜನ ಹೊರನಾಡಿಗೆ ಹೋಗಬೇಕಾದರೆ ಹಳದಿ ರಟ್ಟಿನ ಗುರುತಿನ ಪುಸ್ತಕ ಹಿಡಿದು ಹೋಗುವವರು. ಪಾಸ್‌ಪೋರ್ಟು ಅವರಿಗೆ ದಕ್ಕುತ್ತಿರಲಿಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದ ನೆಲದಲ್ಲಿ ಹುಟ್ಟಿದವರು ಜನ್ಮತಃ ಭಾರತೀಯರೇ ಎಂಬ ಕಾನೂನಿನ ಮಾತು ಟಿಬೆಟನ್ನರಿಗೂ ಅನ್ವಯಿಸುತ್ತದೆಂದು ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯ 2013ರಲ್ಲಿಯೂ ದೆಹಲಿಯ ಉಚ್ಚ ನ್ಯಾಯಾಲಯ 2016ರಲ್ಲಿಯೂ ಹೇಳಿದ ಬಳಿಕ ಅವನಿಗೆ ಬಾಗಿಲು ತೆರೆಯಿತು. ಅವನು ಹುಟ್ಟಿದುದು 1987ರ ಏಪ್ರಿಲಿನಲ್ಲಿ. ಅದೇ ವರ್ಷದ ಆಗಸ್ಟಿನಲ್ಲಿ ಹುಟ್ಟಿದ ದಾಯಾದಿಗೆ ಆ ಬಾಗಿಲಿಲ್ಲ. ಒಂದೇ ಅಂಗಳದಲ್ಲಿ ಆಡಿ ಬೆಳೆದ ಇಬ್ಬರ ನಡುವೆ ನಾಲ್ಕು ತಿಂಗಳು ಎಂತಹ ಗೋಡೆಯಾಗಿ ನಿಂತಿದೆಯೆಂಬುದನ್ನು ಅವನು ಕಹಿಯಿಲ್ಲದೆ ಹೇಳಿದ. ನಾನು ಏನೂ ಹೇಳಲಾರದೆ ಸುಮ್ಮನೆ ಅವನ ಕೈ ಹಿಡಿದುಕೊಂಡೆ.

ಕೆಲವು ವಾರಗಳಲ್ಲಿ ಪೊಲೀಸಿನವರು ಬಂದು ವಿಚಾರಿಸಿ ಹೋದರು. ಮಠದ ಮುಂದಣ ಕಟ್ಟೆಯಲ್ಲಿ ಕುಳಿತಿದ್ದ ಇಬ್ಬರು ನೆರೆಹೊರೆಯವರು, ಇವರು ನಮ್ಮವರೇ, ಇಲ್ಲಿಯೇ ಹುಟ್ಟಿ ಬೆಳೆದವರು ಎಂದು ಸಾಕ್ಷಿ ಹೇಳಿದರು. ಆಮೇಲೊಂದು ದಿನ ಸ್ಪೀಡ್ ಪೋಸ್ಟಿನಲ್ಲಿ ಪುಸ್ತಕ ಬಂದಿತು. ನೀಲಿಗಪ್ಪು ರಟ್ಟು, ಮೂವತ್ತಾರು ಪುಟ, ಹತ್ತು ವರ್ಷದ ಆಯುಸ್ಸು. ಅದರ ಮೊದಲಲ್ಲಿರುವ ಒಕ್ಕಣೆಯನ್ನು ನಾನು ಹಲವು ಬಾರಿ ಓದಿದೆ. ಈ ಪುಸ್ತಕವನ್ನು ಹಿಡಿದು ಬರುವವನನ್ನು ತಡೆಯಿಲ್ಲದೆ ಹಾಯಗೊಡಬೇಕು, ಬೇಕಾದ ನೆರವನ್ನೂ ರಕ್ಷಣೆಯನ್ನೂ ಕೊಡಬೇಕು ಎಂದು ಭಾರತ ಗಣರಾಜ್ಯದ ರಾಷ್ಟ್ರಪತಿಗಳ ಹೆಸರಿನಲ್ಲಿ ಸಂಬಂಧಪಟ್ಟ ಎಲ್ಲರನ್ನೂ ಕೋರುವ ಮಾತು ಅದು. ಪರಸ್ಥಳಕ್ಕೆ ಮಗನನ್ನು ಕಳುಹಿಸುವ ತಾಯಿ ಬಸ್ಸಿನ ಕಂಡಕ್ಟರನಿಗೆ, ನಮ್ಮ ಹುಡುಗ, ಜೋಪಾನವಾಗಿ ಇಳಿಸಿ ಎಂದು ಹೇಳುವುದಿಲ್ಲವೆ? ಅದೇ ಮಾತನ್ನು ಒಂದು ದೇಶ ತನ್ನ ಪ್ರಜೆಯೊಬ್ಬನಿಗಾಗಿ ಜಗತ್ತಿಗೆಲ್ಲ ಹೇಳಿದಂತೆ ನನಗೆ ಕೇಳಿಸಿತು.

ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ಪುಸ್ತಕ ತೆರೆದ ಅಧಿಕಾರಿ, ಗಾವಡಗೆರೆ ಎಂಬ ಹೆಸರನ್ನು ಬಿಡಿಸಿ ಬಿಡಿಸಿ ಓದಿ, ಇದು ನಿಮ್ಮ ಮನೆತನದ ಹೆಸರೇ ಎಂದು ಕೇಳಿದಳು. ನನ್ನ ಊರಿನ ಹೆಸರು ಎಂದೆ. ಅವಳು ಇನ್ನೊಮ್ಮೆ, ಈ ಸಲ ಸ್ವಲ್ಪ ಸರಿಯಾಗಿ ಉಚ್ಚರಿಸಿ, ಮುದ್ರೆಯೊತ್ತಿದಳು. ಆ ದೇಶದಲ್ಲಿ ಮೂರು ತಿಂಗಳಿದ್ದೆವು. ಮೊಮ್ಮಗನನ್ನು ಎತ್ತಿ ಆಡಿಸಿದೆವು. ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಗೆ ಕೈಮುಗಿದೆವು. ಕಂಡ ಸೊಬಗುಗಳನ್ನೆಲ್ಲ ಇಲ್ಲಿ ಹೇಳಹೊರಟರೆ ಅದು ಬೇರೊಂದು ಬರಹವಾದೀತು.

2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ನಡುವೆ ಕಾಳಗ ಹತ್ತಿತು. ಅಲ್ ಫಾಶಿರ್ ಎಂಬ ಊರಿನಲ್ಲಿ ಕರ್ನಾಟಕದ 31 ಮಂದಿ ಹಕ್ಕಿಪಿಕ್ಕಿಗಳು ಸಿಲುಕಿದ್ದಾರೆಂಬ ಸುದ್ದಿಯನ್ನು ಟಿವಿಯಲ್ಲಿ ಕಂಡಾಗ, ಅಂಚೆ ಕಛೇರಿಯ ಆ ಹೆಂಗಸಿನ ಮುಖ ಕಣ್ಣಿಗೆ ಕಟ್ಟಿ, ಆ ವಾರವೆಲ್ಲ ನನಗೆ ಅನ್ನ ರುಚಿಸಲಿಲ್ಲ. ಏಪ್ರಿಲ್ 24ರಿಂದ ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ಯನ್ನು ಕೈಗೊಂಡು, ಪೋರ್ಟ್ ಸುಡಾನಿನಿಂದ ಸಮುದ್ರಮಾರ್ಗವಾಗಿಯೂ ಆಕಾಶಮಾರ್ಗವಾಗಿಯೂ ಜನರನ್ನು ಜೆಡ್ಡಾ ನಗರಕ್ಕೆ ಸಾಗಿಸಿ, ಅಲ್ಲಿಂದ ವಿಮಾನಗಳಲ್ಲಿ ಕರೆತಂದಿತು, ಹೀಗೆ ಮರಳಿದವರು 3,800ಕ್ಕೂ ಹೆಚ್ಚು. ಹುಣಸೂರಿನ ಮಗ್ಗುಲಲ್ಲಿ ಹರಿಯುವ ಲಕ್ಷ್ಮಣತೀರ್ಥ ಕೃಷ್ಣರಾಜಸಾಗರದಲ್ಲಿ ಕೂಡುವುದು ಕಾವೇರಿಯನ್ನೇ. ಆ ಹೆಸರನ್ನು ಕೇಳಿದಾಗ ನಮ್ಮ ಹೊಳೆಯೇ ಹೋಗಿ ನಮ್ಮ ಮಕ್ಕಳನ್ನು ಕರೆತಂದಿತೆಂದು ನನಗೆ ಅನ್ನಿಸಿದುದರಲ್ಲಿ ಆಶ್ಚರ್ಯವಿಲ್ಲ.

ಮೇ ತಿಂಗಳಲ್ಲಿ ಪಕ್ಷಿರಾಜಪುರಕ್ಕೆ ಹೋದೆ. ಆಕೆ ಊರಿನಲ್ಲಿಯೇ ಇದ್ದಳು. ಸುಡಾನಿಗೆ ಹೋಗಿದ್ದವನು ಅವಳ ತಮ್ಮ. ಎಣ್ಣೆಯ ಸೀಸೆಗಳು, ಸಾಲಮಾಡಿ ಕೊಂಡ ಮೂಲಿಕೆಗಳು, ಗಳಿಸಿದ ಹಣ, ಎಲ್ಲವನ್ನೂ ಅಲ್ಲಿಯೇ ಬಿಟ್ಟು ಬಂದಿದ್ದ. ಬಿಡದೆ ತಂದಿದ್ದುದು ಒಂದೇ. ಎದ್ದು ಒಳಗೆ ಹೋಗಿ, ಹೆಂಡತಿಯ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಪಾಸ್‌ಪೋರ್ಟನ್ನು ತಂದು ನನ್ನ ಕೈಗಿತ್ತ. ಹದಿನೈದು ದಿನ ಹಗಲಿರುಳು ಸೊಂಟಕ್ಕೆ ಕಟ್ಟಿಕೊಂಡಿದ್ದುದರಿಂದ ರಟ್ಟು ಬಾಗಿ ಮೈಯ ಆಕಾರ ತಳೆದಿದ್ದಿತು. ಬೆವರಿನಿಂದ ಅಂಚಿನ ಬಣ್ಣ ಬಿಟ್ಟಿದ್ದಿತು. ಸಿಂಹಮುದ್ರೆಯ ಹೊಂಬಣ್ಣ ಅರ್ಧ ಅಳಿಸಿದ್ದಿತು. “ದಾರೀಲಿ ಬಂದೂಕ ಹಿಡ್ದೋರು ನಿಲ್ಲಿಸ್ದಾಗೆಲ್ಲ ಕೇಳಿದ್ದು ಇದೊಂದನ್ನೇ” ಎಂದ. ಬಿಚ್ಚಿ ನೋಡಿದೆ. ಜನ್ಮದಿನಾಂಕದ ಜಾಗದಲ್ಲಿ 1982ರ ಜೂನ್ 1.

ಅದನ್ನು ಬರೆದವನು ನಾನು. 1988ರಲ್ಲಿ ಅವನನ್ನು ಶಾಲೆಗೆ ಸೇರಿಸಲು ಬಂದವಳು ತಾಯಿ. ಅವಳಿಗೆ ಕನ್ನಡ ಅಷ್ಟಾಗಿ ಬಾರದು. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಆದರೂ ಆ ಅರೆಮನಸ್ಸಿನ ಸಾಲೇ, ವರ್ಗಾವಣೆ ಪತ್ರವಾಗಿ, ಪಾಸ್‌ಪೋರ್ಟಾಗಿ, ಅವನನ್ನು ಮರುಭೂಮಿಯಾಚೆಯಿಂದ ಮನೆಗೆ ತಂದು ಮುಟ್ಟಿಸಿದ್ದಿತು. ನಾನು ಅದಕ್ಕೆ ಕೊಟ್ಟ ಬೆಲೆಗಿಂತ ಅದು ಎಷ್ಟೋ ದೊಡ್ಡದಾಗಿದ್ದಿತು. ಶಾಲೆಯ ಮೇಜಿನ ಮುಂದೆ ಇಂದು ಕುಳಿತಿರುವ ತರುಣ ಉಪಾಧ್ಯಾಯರಿಗೆ ನಾನು ಹೇಳಬೇಕಾದುದು ಇಷ್ಟೇ. ದಾಖಲಾತಿ ಪುಸ್ತಕದ ಸಾಲು ಬರಿಯ ಸಾಲಲ್ಲ. ಒಂದು ಮಗು ಮುಂದೆ ಯಾವ ಗಡಿಯಲ್ಲಿ ನಿಂತು ಅದನ್ನು ತೋರಿಸಬೇಕಾದೀತೋ ಬಲ್ಲವರಾರು? ಕೇಳಿ ಬರೆಯಿರಿ.

ಜಗಲಿಯ ಮೂಲೆಯಲ್ಲಿ ಅವನ ತಾಯಿ, ಈಗ ಕಣ್ಣು ಮಂಜಾದ ಮುದುಕಿ, ಹೂವಿನ ತಂತಿ ಸುತ್ತುತ್ತ ಕುಳಿತಿದ್ದಳು. ನಾನು ಹತ್ತಿರ ಹೋಗಿ ಕುಳಿತು, ಮಗಳ ಬಾಯಿಂದ ಅವಳ ನುಡಿಯಲ್ಲಿ ಕೇಳಿಸಿದೆ: ಈ ಮಗ ಹುಟ್ಟಿದುದು ಯಾವಾಗ? ಅವಳು ತಂತಿ ಸುತ್ತುವುದನ್ನು ನಿಲ್ಲಿಸಿ, ಅರೆಗಳಿಗೆಯೂ ಯೋಚಿಸದೆ, ಕೈಯಾಡಿಸಿ ಹೇಳಿದಳು. ಹುರುಳಿ ಕೀಳುವ ಕಾಲ, ಬೆಳಗಿನ ಜಾವ, ಮೈ ಕೊರೆಯುವ ಚಳಿ, ಹೊದಿಸಲು ಬೇರೇನೂ ಇಲ್ಲದೆ, ಹಕ್ಕಿಯ ಬಲೆಯನ್ನೇ ನಾಲ್ಕು ಮಡಿಕೆ ಮಾಡಿ ಹೊದಿಸಿದಳಂತೆ. ಮೂವತ್ತೈದು ವರ್ಷ ಅವಳಲ್ಲಿ ಸಿದ್ಧವಾಗಿದ್ದ ಉತ್ತರ ಅದು. ಜೇಬಿನಿಂದ ಲೇಖನಿ ತೆಗೆದು, ಬಸ್ಸಿನ ಟಿಕೆಟ್ಟಿನ ಹಿಂಬದಿಯಲ್ಲಿ, ಅವಳು ಹೇಳಿದಂತೆಯೇ ಬರೆದುಕೊಂಡೆ.